ಕೂಡಂಕುಳಂ 2011–2013: ಫುಕುಶಿಮಾದ ನಂತರ ಒಂದು ಕಡಲತೀರ ಕೇಳಿದ ಪ್ರಶ್ನೆಗಳು

2011ರ ಜುಲೈ ತಿಂಗಳಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಮೊದಲ ಘಟಕದಲ್ಲಿ ‘ಹಾಟ್ ರನ್’ ಎಂಬ ಪರೀಕ್ಷೆ ನಡೆಯಿತು. ಯುರೇನಿಯಂ ಇಂಧನದ ಬದಲು ಅದೇ ಆಕಾರದ ಡಮ್ಮಿ ಇಂಧನವನ್ನು ರಿಯಾಕ್ಟರಿನೊಳಗೆ ಇಟ್ಟು, ದೊಡ್ಡ ಪಂಪುಗಳನ್ನು ಓಡಿಸಿ, ನೀರಿನ ಉಷ್ಣಾಂಶವನ್ನೂ ಒತ್ತಡವನ್ನೂ ನಿಜವಾದ ಕಾರ್ಯಾಚರಣೆಯ ಮಟ್ಟಕ್ಕೆ ಏರಿಸಿ, ಕೊಳವೆ ಮತ್ತು ಕವಾಟಗಳು ತಡೆದುಕೊಳ್ಳುತ್ತವೆಯೇ ಎಂದು ನೋಡುವ ಪರೀಕ್ಷೆ ಅದು. ಅದರಲ್ಲಿ ವಿಕಿರಣದ ಮಾತೇ ಇಲ್ಲ. ಆದರೆ ಹೆಚ್ಚಿನ ಒತ್ತಡದ ಉಗಿಯನ್ನು ಹೊರಬಿಟ್ಟಾಗ ಏಳುವ ಸದ್ದು ಸಣ್ಣದಲ್ಲ. ಸ್ಥಾವರದ ಪಕ್ಕದ ಮೀನುಗಾರರ ಊರಾದ ಇಡಿಂದಕರೈಯಲ್ಲಿ ಜನ ಆ ಸದ್ದಿಗೆ ನಿದ್ದೆಗೆಟ್ಟರು. ಅಪಾಯ ಸಂಭವಿಸಿದರೆ ಮೂಗು ಬಾಯಿ ಮುಚ್ಚಿಕೊಂಡು ಊರು ಬಿಡಬೇಕು ಎಂಬಂಥ ಸೂಚನೆಗಳ ಮಾತೂ ಅದೇ ದಿನಗಳಲ್ಲಿ ಕಿವಿಯಿಂದ ಕಿವಿಗೆ ಹಬ್ಬಿತು. ಜಪಾನಿನ ಫುಕುಶಿಮಾದಲ್ಲಿ ರಿಯಾಕ್ಟರ್ ಕಟ್ಟಡಗಳು ಸಿಡಿದ ದೃಶ್ಯವನ್ನು ಟಿ.ವಿ.ಯಲ್ಲಿ ನೋಡಿ ಆಗ ಇನ್ನೂ ನಾಲ್ಕು ತಿಂಗಳಾಗಿತ್ತಷ್ಟೆ.

ಈ ಪ್ರಕರಣವನ್ನು ಸಾಮಾನ್ಯವಾಗಿ ವಿಜ್ಞಾನಕ್ಕೂ ಅಜ್ಞಾನಕ್ಕೂ ನಡೆದ ಜಗಳವೆಂದೋ, ಅಭಿವೃದ್ಧಿಗೂ ಬಡವರಿಗೂ ನಡೆದ ಜಗಳವೆಂದೋ ಹೇಳಿ ಮುಗಿಸಲಾಗುತ್ತದೆ. ದಾಖಲೆಗಳನ್ನು ಕ್ರಮವಾಗಿ ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ ಎಂಬುದು ನನ್ನ ತಿಳಿವಳಿಕೆ. ಯಂತ್ರದ ಬಗೆಗಿನ ಪ್ರಶ್ನೆಗಳಿಗೆ ಸರ್ಕಾರದ ಬಳಿ ಸಾಕಷ್ಟು ಗಟ್ಟಿಯಾದ ಉತ್ತರಗಳಿದ್ದವು. ಜನ ಮುಖ್ಯವಾಗಿ ಕೇಳಿದ್ದು ಯಂತ್ರದ ಬಗ್ಗೆ ಅಲ್ಲ. ಏನಾದರೂ ಆದರೆ ನಮಗೆ ಹೇಳುವವರು ಯಾರು, ನಾವು ಹೋಗುವುದು ಎಲ್ಲಿಗೆ, ಹೊಣೆ ಯಾರದು ಎಂಬುದು ಅವರ ಪ್ರಶ್ನೆಯಾಗಿತ್ತು.

ಸ್ಥಳ ಮತ್ತು ಹಿನ್ನೆಲೆ

ಕೂಡಂಕುಳಂ ಕನ್ಯಾಕುಮಾರಿಯಿಂದ ಈಶಾನ್ಯಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ, ಮನ್ನಾರ್ ಕೊಲ್ಲಿಯ ದಡದಲ್ಲಿದೆ. 1988ರ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಮತ್ತು ಮಿಖಾಯಿಲ್ ಗೋರ್ಬಚೇವ್ ಅವರ ಸರ್ಕಾರಗಳು ಇಲ್ಲಿ ತಲಾ 1,000 ಮೆಗಾವಾಟ್ ಸಾಮರ್ಥ್ಯದ ಎರಡು ರಿಯಾಕ್ಟರುಗಳನ್ನು ಕಟ್ಟುವ ಒಪ್ಪಂದ ಮಾಡಿಕೊಂಡವು. ಸೋವಿಯತ್ ಒಕ್ಕೂಟವೇ ಒಡೆದುಹೋದದ್ದರಿಂದ ಕೆಲಸ ಹಿಂದೆ ಬಿದ್ದು, 1998ರಲ್ಲಿ ರಷ್ಯಾದೊಡನೆ ಪೂರಕ ಒಪ್ಪಂದವಾಗಿ, 2002ರಲ್ಲಿ ಕಾಂಕ್ರೀಟ್ ಹಾಕುವ ಕೆಲಸ ಆರಂಭವಾಯಿತು. ವಿರೋಧವೂ ಅಷ್ಟೇ ಹಳೆಯದು. 1989ರಲ್ಲೇ ಕನ್ಯಾಕುಮಾರಿಯಲ್ಲಿ ಸೇರಿದ್ದ ಮೀನುಗಾರರ ದೊಡ್ಡ ಮೆರವಣಿಗೆ ಪೊಲೀಸರ ಗೋಲಿಬಾರಿನಲ್ಲಿ ಕೊನೆಗೊಂಡಿತ್ತು. ಯೋಜನೆಗೆ ಪರಿಸರ ಅನುಮತಿ ದೊರೆತದ್ದು ಆ ವರ್ಷವೇ. ಸಾರ್ವಜನಿಕ ವಿಚಾರಣೆ ನಡೆಸಬೇಕೆಂಬ ನಿಯಮ ಆಗ ಇನ್ನೂ ಬಂದಿರಲಿಲ್ಲ. ಹೀಗಾಗಿ ಮೊದಲ ಎರಡು ಘಟಕಗಳ ಬಗ್ಗೆ ಸುತ್ತಲಿನ ಊರಿನವರನ್ನು ಕೂರಿಸಿ ಕೇಳಿದ ಒಂದು ದಿನವೂ ದಾಖಲೆಯಲ್ಲಿಲ್ಲ. ಮುಂದೆ ನಡೆದದ್ದನ್ನೆಲ್ಲ ಓದುವಾಗ ಈ ಸಂಗತಿಯನ್ನು ಮರೆಯಬಾರದು.

2004ರ ಡಿಸೆಂಬರ್ 26ರ ಸುನಾಮಿಯನ್ನು ಈ ತೀರ ಕಂಡಿತ್ತು. ಕನ್ಯಾಕುಮಾರಿ ಜಿಲ್ಲೆಯ ಕೊಳಚ್ಚಲ್ ಮೊದಲಾದ ಊರುಗಳಲ್ಲಿ ನೂರಾರು ಜನ ಸತ್ತರು. ಚೆನ್ನೈ ಬಳಿಯ ಕಲ್ಪಾಕ್ಕಂ ಸ್ಥಾವರದಲ್ಲಿ ಸಮುದ್ರದ ನೀರು ಪಂಪ್ ಹೌಸಿಗೆ ನುಗ್ಗಿ, ಓಡುತ್ತಿದ್ದ ಎರಡನೇ ಘಟಕವನ್ನು ನಿಲ್ಲಿಸಬೇಕಾಯಿತು. ಸಮುದ್ರದ ನೀರಿನ ಪಂಪುಗಳು ಮುಳುಗಿದ ಮೇಲೆ, ಬೆಂಕಿ ನಂದಿಸಲು ಇಟ್ಟಿದ್ದ ನೀರಿನ ವ್ಯವಸ್ಥೆಯಿಂದ ತಂಪು ಮಾಡಿ ಸಿಬ್ಬಂದಿ ಅದನ್ನು ಸುರಕ್ಷಿತ ಸ್ಥಿತಿಗೆ ತಂದರು. ರಿಯಾಕ್ಟರ್ ಉಳಿಯಿತು, ಆದರೆ ಅದೇ ಕಲ್ಪಾಕ್ಕಂ ಟೌನ್‌ಶಿಪ್ಪಿನಲ್ಲಿ ನೌಕರರೂ ಅವರ ಮನೆಯವರೂ ಅಲೆಗೆ ಸಿಕ್ಕು ಸತ್ತರು. ಯಂತ್ರವೊಂದು ಸುರಕ್ಷಿತವಾಗಿರುವುದೂ ಅದರ ಮಗ್ಗುಲಲ್ಲಿ ಬದುಕುವವರು ಸುರಕ್ಷಿತವಾಗಿರುವುದೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ದೇಶದಲ್ಲಿ ಸಿಗುವುದಿಲ್ಲ.

ಕೂಡಂಕುಳಂನಲ್ಲಿ ಆ ಸುನಾಮಿ ಇನ್ನೊಂದು ಗುರುತನ್ನೂ ಉಳಿಸಿತು. ಮನೆ ಕಳೆದುಕೊಂಡ ಮೀನುಗಾರ ಕುಟುಂಬಗಳಿಗಾಗಿ ಕಟ್ಟಿದ ಸುಮಾರು 450 ಮನೆಗಳ ‘ಸುನಾಮಿ ಕಾಲೊನಿ’ ಸ್ಥಾವರದಿಂದ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಎದ್ದು ನಿಂತಿತು. ಕಡಲಿನಿಂದ ತಪ್ಪಿಸಿಕೊಂಡು ಬಂದವರಿಗೆ ಬೆಳಿಗ್ಗೆ ಬಾಗಿಲು ತೆಗೆದರೆ ಕಾಣುವುದು ಸ್ಥಾವರದ ಗುಮ್ಮಟ. ಅಣುಸ್ಥಾವರದ ಸುತ್ತಲಿನ ಐದು ಕಿ.ಮೀ.ಯೊಳಗೆ ಜನಸಂಖ್ಯೆ ಬೆಳೆಯದಂತೆ ನೋಡಿಕೊಳ್ಳಬೇಕೆಂಬುದು ಸ್ಥಾವರಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಅಣುಶಕ್ತಿ ನಿಯಂತ್ರಣ ಮಂಡಳಿಯ ಸ್ವಂತ ಸಂಹಿತೆ. ಹಾಗಿರುವಾಗ ನಿರಾಶ್ರಿತರಿಗೆ ಅಲ್ಲೇ ಮನೆ ಕೊಟ್ಟವರು ಈ ಎರಡು ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ ಎಂದೇ ಭಾವಿಸಬೇಕಾಗುತ್ತದೆ.

ಫುಕುಶಿಮಾ ಹೇಳಿದ್ದೇನು

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಾಚೆ 9.0 ತೀವ್ರತೆಯ ಭೂಕಂಪವಾಯಿತು. ಫುಕುಶಿಮಾ ದೈಚಿಯ ಆರು ಘಟಕಗಳಲ್ಲಿ ಓಡುತ್ತಿದ್ದ ಮೂರೂ ತಾವಾಗಿ ನಿಂತವು. ಅಲ್ಲಿಯವರೆಗೆ ಎಲ್ಲವೂ ವಿನ್ಯಾಸದಂತೆಯೇ ನಡೆಯಿತು. ಸುಮಾರು 50 ನಿಮಿಷಗಳ ನಂತರ ಬಂದ, 14–15 ಮೀಟರ್ ಎತ್ತರಕ್ಕೆ ಏರಿದ ನೀರು, ಹತ್ತು ಮೀಟರ್ ಎತ್ತರದ ನೆಲದ ಮೇಲಿದ್ದ ಸ್ಥಾವರವನ್ನು ಹೊಕ್ಕು, ಕೆಳ ಅಂತಸ್ತುಗಳಲ್ಲಿದ್ದ ಡೀಸೆಲ್ ಜನರೇಟರುಗಳನ್ನೂ ವಿದ್ಯುತ್ ಫಲಕಗಳನ್ನೂ ಮುಳುಗಿಸಿತು.

ಇಲ್ಲಿ ಒಂದು ಭೌತಿಕ ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ಒಲೆಯಿಂದ ಕೊಳ್ಳಿಯನ್ನು ಹಿರಿದರೂ ಕೆಂಡದ ಕಾವು ಆರುವುದಿಲ್ಲ. ರಿಯಾಕ್ಟರಿನ ಇಂಧನವೂ ಹಾಗೆಯೇ. ಸರಣಿಕ್ರಿಯೆ ನಿಂತ ಕ್ಷಣದಲ್ಲಿಯೂ ಅದು ಪೂರ್ಣ ಶಕ್ತಿಯ ಸುಮಾರು ಶೇ 6ರಷ್ಟು ಶಾಖವನ್ನು ಹೊರಸೂಸುತ್ತಿರುತ್ತದೆ, ಒಂದು ದಿನ ಕಳೆದ ಮೇಲೂ ಶೇ 0.5ರ ಆಸುಪಾಸು. ಸುಮಾರು 3,000 ಮೆಗಾವಾಟ್ ಶಾಖ ಉತ್ಪಾದಿಸುವ ಕೂಡಂಕುಳಂನಂಥ ರಿಯಾಕ್ಟರಿಗೆ ಈ ಲೆಕ್ಕ ಹಾಕಿದರೆ, ಒಂದು ದಿನದ ನಂತರವೂ 15 ಮೆಗಾವಾಟ್ ಶಾಖವನ್ನು ಎಡೆಬಿಡದೆ ತೆಗೆಯುತ್ತಲೇ ಇರಬೇಕು. ಫುಕುಶಿಮಾದಲ್ಲಿ ತೆಗೆಯಲಾಗದೆ ಹೋದದ್ದು ಈ ಕಾವನ್ನೇ. ಇಂಧನ ಕರಗಿತು, ಅದರ ಲೋಹದ ಹೊದಿಕೆ ಉಗಿಯೊಡನೆ ವರ್ತಿಸಿ ಜಲಜನಕ ಹುಟ್ಟಿತು, ಮಾರ್ಚ್ 12, 14 ಮತ್ತು 15ರಂದು ಕಟ್ಟಡಗಳು ಸಿಡಿದವು.

ಕೂಡಂಕುಳಂ ಕಥೆಗೆ ಇದಕ್ಕಿಂತಲೂ ಹತ್ತಿರವಾದ ಎರಡು ಸಂಗತಿಗಳು ಫುಕುಶಿಮಾದಲ್ಲಿವೆ. ಮೊದಲನೆಯದು, ಹದಿನೈದು ಮೀಟರಿಗೂ ಮೀರಿದ ಅಲೆ ಬರಬಹುದೆಂಬ ಲೆಕ್ಕಾಚಾರ ಸ್ಥಾವರದ ಒಡೆತನದ ಟೆಪ್ಕೊ ಕಂಪನಿಯ ಒಳಗೇ 2008ರಲ್ಲಿ ಸಿದ್ಧವಾಗಿತ್ತು, ಅದರ ಮೇಲೆ ಕ್ರಮ ಆಗಿರಲಿಲ್ಲ. ಎರಡನೆಯದು, ವಿಕಿರಣದ ಮೋಡ ಯಾವ ಕಡೆಗೆ ಸಾಗಬಹುದು ಎಂದು ಅಂದಾಜಿಸುವ ಸರ್ಕಾರಿ ಗಣಕ ವ್ಯವಸ್ಥೆಯ ಮಾಹಿತಿ ಸ್ಥಳೀಯ ಆಡಳಿತಗಳಿಗೆ ಸಮಯಕ್ಕೆ ತಲುಪಲಿಲ್ಲ. ನಮಿಯೆ ಪಟ್ಟಣದ ಸಾವಿರಾರು ಜನ ತಪ್ಪಿಸಿಕೊಳ್ಳಲು ವಾಯವ್ಯಕ್ಕೆ ಹೋದರು. ವಿಕಿರಣ ಹೆಚ್ಚಾಗಿ ಬಿದ್ದದ್ದು ಆ ದಿಕ್ಕಿನಲ್ಲಿಯೇ. ಮೂರು ಕಿ.ಮೀ., ಹತ್ತು ಕಿ.ಮೀ., ಇಪ್ಪತ್ತು ಕಿ.ಮೀ. ಎಂದು ತೆರವಿನ ವೃತ್ತ ಬೆಳೆಯುತ್ತಾ ಹೋಗಿ, ಕೊನೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಕಿಯೋಷಿ ಕುರೊಕಾವ ಅವರ ಅಧ್ಯಕ್ಷತೆಯ ಸಂಸದೀಯ ತನಿಖಾ ಆಯೋಗವು 2012ರ ಜುಲೈನಲ್ಲಿ ಇದನ್ನು ಮನುಷ್ಯರೇ ಮಾಡಿಕೊಂಡ ದುರಂತವೆಂದು ಕರೆದು, ನಿಯಂತ್ರಕರು ಮತ್ತು ಕಂಪನಿಯ ನಡುವಿನ ಒಳ ಹೊಂದಾಣಿಕೆಯ ಕಡೆಗೆ ಬೊಟ್ಟು ಮಾಡಿತು.

ಚಪ್ಪರದಿಂದ ಸಂಪುಟದವರೆಗೆ

ಹಾಟ್ ರನ್ನಿನ ನಂತರ ಇಡಿಂದಕರೈಯ ಲೂರ್ದು ಮಾತೆಯ ಚರ್ಚಿನ ಮುಂದೆ ಚಪ್ಪರ ಎದ್ದಿತು. 2011ರ ಸೆಪ್ಟೆಂಬರ್ 11ರಂದು 127 ಜನ ಅನಿರ್ದಿಷ್ಟಾವಧಿ ಉಪವಾಸ ಆರಂಭಿಸಿದರು. ಸುತ್ತಲಿನ ಊರುಗಳಿಂದ ಸಾವಿರಾರು ಜನ ಬಂದು ಕೂತರು. ನೇತೃತ್ವ ಅಣುಶಕ್ತಿ ವಿರೋಧಿ ಜನಾಂದೋಲನದ ಎಸ್.ಪಿ. ಉದಯಕುಮಾರ್ ಅವರದು, ಆಂದೋಲನ ನಿಂತದ್ದು ಮಾತ್ರ ಹೆಂಗಸರ ಮೇಲೆ. ಗಂಡಸರು ದೋಣಿ ಇಳಿಸದ ದಿನ ಮನೆಗೆ ಕಾಸಿಲ್ಲ. ಹೆಂಗಸರು ಮೊರದಲ್ಲಿ ಬೀಡಿ ಎಲೆ, ತಂಬಾಕು, ದಾರ ಇಟ್ಟುಕೊಂಡು ಚಪ್ಪರದಡಿ ಕೂತು, ಭಾಷಣ ಕೇಳುತ್ತಲೇ ಬೀಡಿ ಸುತ್ತುತ್ತಿದ್ದರು. ದಿನದ ಕೂಲಿಯನ್ನೂ ಬಿಡದೆ ವರ್ಷಗಟ್ಟಲೆ ಧರಣಿ ನಡೆದದ್ದು ಹೀಗೆ. ಇದು ಹೊರಗಿನ ಹಣದಿಂದ ನಡೆದ ಆಂದೋಲನ ಎಂದು ಹೇಳುವವರು ಆ ಮೊರಗಳನ್ನು ಕಣ್ಣಾರೆ ನೋಡಬೇಕಿತ್ತು.

ಸೆಪ್ಟೆಂಬರ್ 22ರಂದು ಜಯಲಲಿತಾ ಅವರ ಸಂಪುಟ, ಜನರ ಭಯ ನಿವಾರಣೆಯಾಗುವವರೆಗೆ ಕೆಲಸ ನಿಲ್ಲಿಸಬೇಕೆಂದು ಕೇಂದ್ರವನ್ನು ಕೋರುವ ನಿರ್ಣಯ ಮಾಡಿತು, ಉಪವಾಸ ನಿಂತಿತು. ಅಕ್ಟೋಬರಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯಿತ್ತು. ಕೇಂದ್ರವು ಎ.ಇ. ಮುತ್ತುನಾಯಗಂ ಸಂಚಾಲಕತ್ವದಲ್ಲಿ 15 ಜನರ ತಜ್ಞರ ತಂಡ ರಚಿಸಿತು. ನವೆಂಬರ್ 6ರಂದು ಅಬ್ದುಲ್ ಕಲಾಂ ಸ್ಥಾವರಕ್ಕೆ ಭೇಟಿಕೊಟ್ಟು, ಸುರಕ್ಷತೆಯ ಬಗ್ಗೆ ಪೂರ್ಣ ತೃಪ್ತಿ ವ್ಯಕ್ತಪಡಿಸಿ, 200 ಕೋಟಿ ರೂಪಾಯಿಗಳ ಅಭಿವೃದ್ಧಿ ಯೋಜನೆಯನ್ನು ಸೂಚಿಸಿದರು. ಆಮೇಲೆ ರಾಜ್ಯ ಸರ್ಕಾರವೂ ತನ್ನದೊಂದು ಸಮಿತಿ ಮಾಡಿತು. ಅಣುಶಕ್ತಿ ಆಯೋಗದ ಮಾಜಿ ಅಧ್ಯಕ್ಷರೂ ಬೆಂಗಳೂರಿನವರೂ ಆದ ಎಂ.ಆರ್. ಶ್ರೀನಿವಾಸನ್ ಅದರಲ್ಲಿದ್ದರು. ಚೆನ್ನೈ ಬಿಟ್ಟರೆ ಉಳಿದ ತಮಿಳುನಾಡು ಆಗ ದಿನಕ್ಕೆ ಹತ್ತು ಗಂಟೆಗೂ ಮೀರಿದ ವಿದ್ಯುತ್ ಕಡಿತದಲ್ಲಿ ಬೇಯುತ್ತಿತ್ತು. 2012ರ ಮಾರ್ಚ್ 18ರಂದು ಅದೇ ಜಿಲ್ಲೆಯ ಶಂಕರನ್‌ಕೋವಿಲ್ ಕ್ಷೇತ್ರದ ಉಪಚುನಾವಣೆ ಮುಗಿಯಿತು. ಮರುದಿನವೇ ಸಂಪುಟ ಸ್ಥಾವರಕ್ಕೆ ಹಸಿರು ನಿಶಾನೆ ತೋರಿ 500 ಕೋಟಿ ರೂಪಾಯಿಗಳ ಪ್ಯಾಕೇಜ್ ಘೋಷಿಸಿತು. ಆರು ತಿಂಗಳ ಹಿಂದೆ ನ್ಯಾಯವಾಗಿ ಕಂಡ ಭಯ ಈಗ ಹೇಗೆ ನಿವಾರಣೆಯಾಯಿತು ಎಂಬುದನ್ನು ಚಪ್ಪರದಡಿ ಕೂತವರಿಗೆ ಯಾರೂ ವಿವರಿಸಲಿಲ್ಲ.

ಯಂತ್ರದ ಪ್ರಶ್ನೆ

ಫುಕುಶಿಮಾ ಇಲ್ಲಿಯೂ ಆಗಬಹುದೇ ಎಂಬ ಪ್ರಶ್ನೆಗೆ ತಜ್ಞರು ಕೊಟ್ಟ ಉತ್ತರವನ್ನು ಗೌರವದಿಂದ ಓದಬೇಕು. ಜಪಾನಿನ ಆ ತೀರಕ್ಕೆ ಸುನಾಮಿ ಹುಟ್ಟಿಸುವ ಬಿರುಕು ನೂರಿನ್ನೂರು ಕಿ.ಮೀ. ಒಳಗೇ ಇದೆ, ಕೂಡಂಕುಳಂಗೆ ಸುಮಾತ್ರಾ–ಅಂಡಮಾನ್ ಬಿರುಕು ಸಾವಿರಕ್ಕೂ ಹೆಚ್ಚು ಕಿ.ಮೀ. ದೂರ. ಇಲ್ಲಿ ಲೆಕ್ಕ ಹಾಕಿದ ಗರಿಷ್ಠ ನೀರಿನ ಮಟ್ಟ ಸುಮಾರು 5.4 ಮೀಟರ್, ಸ್ಥಾವರದ ನೆಲ ಸುಮಾರು 7.5 ಮೀಟರ್, ಡೀಸೆಲ್ ಜನರೇಟರುಗಳು ಅದಕ್ಕಿಂತಲೂ ಮೇಲೆ. ಅದಕ್ಕಿಂತ ಮುಖ್ಯವಾದದ್ದು ಇಲ್ಲಿನ ರಿಯಾಕ್ಟರುಗಳ, ಅಂದರೆ ರಷ್ಯಾದ ವಿವಿಇಆರ್ ವಿನ್ಯಾಸದ, ಉಷ್ಣ ನಿವಾರಣಾ ವ್ಯವಸ್ಥೆ: ವಿದ್ಯುತ್ತೂ ಡೀಸೆಲ್ಲೂ ಇಲ್ಲದಿದ್ದರೂ, ಬಿಸಿಯಾದದ್ದು ಮೇಲೇರುವ ಸಹಜ ಗುಣದಿಂದಲೇ ಉಗಿ ಸುತ್ತಿ, ಹೊರಗಿನ ಗಾಳಿಗೆ ಕಾವನ್ನು ಬಿಟ್ಟುಕೊಡುತ್ತದೆ. ಕಟ್ಟಡಕ್ಕೆ ಎರಡು ಪದರದ ಕವಚವಿದೆ, ಜಲಜನಕವನ್ನು ಅಲ್ಲಲ್ಲೇ ನೀರಾಗಿಸುವ ಸಾಧನಗಳಿವೆ, ಇಂಧನ ಕರಗಿ ಕೆಳಗೆ ಹರಿದರೆ ಹಿಡಿದುಕೊಳ್ಳುವ ಪಾತ್ರೆಯಿದೆ. ಫುಕುಶಿಮಾದ 1970ರ ದಶಕದ ಘಟಕಗಳಿಗೆ ಇವು ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಆಂದೋಲನದ ಕೆಲವು ಕರಪತ್ರಗಳು ಈ ವ್ಯತ್ಯಾಸವನ್ನು ಮುಚ್ಚಿಟ್ಟವು. ಅದು ತಪ್ಪು.

ಆದರೆ ಫುಕುಶಿಮಾದ ಕಾಗದದ ಮೇಲೆಯೂ ಅಲೆಯ ಎತ್ತರ 5.7 ಮೀಟರಿನೊಳಗೇ ಇತ್ತು. ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಲೆಕ್ಕವನ್ನು ನೋಡಲು ಬಿಡಬೇಕು. ಸುರಕ್ಷತಾ ವಿಶ್ಲೇಷಣಾ ವರದಿಯನ್ನು ಕೊಡಿ ಎಂದು ಉದಯಕುಮಾರ್ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದರು. 2012ರಲ್ಲಿ ಕೇಂದ್ರ ಮಾಹಿತಿ ಆಯೋಗ ವರದಿಯನ್ನು ಬಹಿರಂಗಪಡಿಸಲು ಆದೇಶಿಸಿತು. ಸ್ಥಾವರ ನಡೆಸುವ ಅಣುವಿದ್ಯುತ್ ನಿಗಮ ದೆಹಲಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ನಮ್ಮನ್ನು ನಂಬಿ ಎಂದು ಹೇಳುತ್ತಲೇ ನಂಬಿಕೆಯ ಆಧಾರವನ್ನು ಬೀಗ ಹಾಕಿಟ್ಟ ಈ ಒಂದು ನಡೆ, ಹತ್ತು ತಜ್ಞರ ಸಮಿತಿಗಳು ಗಳಿಸಬಹುದಾಗಿದ್ದ ವಿಶ್ವಾಸವನ್ನು ತೊಡೆದುಹಾಕಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾವಲುಗಾರನ ಸ್ಥಿತಿಯೂ ಧೈರ್ಯ ಕೊಡುವಂತಿರಲಿಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿ ಆಗ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಸ್ವತಂತ್ರ ಸಂಸ್ಥೆಯಾಗಿರಲಿಲ್ಲ. ಅದು ವರದಿ ಒಪ್ಪಿಸುತ್ತಿದ್ದ ಅಣುಶಕ್ತಿ ಆಯೋಗದ ಅಧ್ಯಕ್ಷರೇ ಸ್ಥಾವರಗಳನ್ನು ನಡೆಸುವ ಇಲಾಖೆಯ ಕಾರ್ಯದರ್ಶಿ. ಮಹಾಲೇಖಪಾಲರ 2012ರ ವರದಿ ಇದನ್ನು ಎತ್ತಿ ಹೇಳಿತು, ನಿಯಮ ಮುರಿದವರಿಗೆ ವಿಧಿಸಬಹುದಾದ ಗರಿಷ್ಠ ದಂಡ 500 ರೂಪಾಯಿ ಎಂಬುದನ್ನೂ ದಾಖಲಿಸಿತು. ಸ್ವತಂತ್ರ ಪ್ರಾಧಿಕಾರ ರಚಿಸುವ ಮಸೂದೆ 2011ರ ಸೆಪ್ಟೆಂಬರ್‌ನಲ್ಲೇ ಲೋಕಸಭೆಗೆ ಬಂದಿತ್ತು, 2014ರಲ್ಲಿ ಆ ಲೋಕಸಭೆಯೊಂದಿಗೇ ಬಿದ್ದುಹೋಯಿತು.

ಭಯಕ್ಕೆ ಸಿಕ್ಕ ಉತ್ತರ

2012ರ ಫೆಬ್ರುವರಿಯಲ್ಲಿ ಪ್ರಧಾನಿ ಮನಮೋಹನ ಸಿಂಗ್ ವಿಜ್ಞಾನ ಪತ್ರಿಕೆಯೊಂದರ ಸಂದರ್ಶನದಲ್ಲಿ ಆಂದೋಲನದ ಹಿಂದೆ ವಿದೇಶಿ ನೆರವಿನ ಸಂಸ್ಥೆಗಳಿವೆ ಎಂದರು. ಅದೇ ವರ್ಷ, ಸ್ಥಾವರದ ಸುತ್ತಲಿನ ಜನರಿಗೆ ಆಪ್ತಸಮಾಲೋಚನೆ ನಡೆಸಲು ಕೇಂದ್ರವು ಬೆಂಗಳೂರಿನ ನಿಮ್ಹಾನ್ಸ್ ಮನೋವೈದ್ಯರ ನೆರವು ಕೇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ನಿಮ್ಹಾನ್ಸ್ ನಮ್ಮ ನಾಡಿನ ಹೆಮ್ಮೆಯ ಸಂಸ್ಥೆ; ಮನಸ್ಸು ನೊಂದವರಿಗೆ ಅದು ಕೊಟ್ಟಿರುವ ಆಸರೆ ಸಣ್ಣದಲ್ಲ. ಹಾಗೆಂದೇ ಈ ಸುದ್ದಿ ನೋವಾಗುವಂಥದ್ದು. ಸುನಾಮಿಯನ್ನು ಕಣ್ಣಾರೆ ಕಂಡವರು ಇನ್ನೊಂದು ಅಲೆ ಬಂದರೆ ಗತಿಯೇನು ಎಂದು ಕೇಳುವುದು ಕಾಯಿಲೆಯಲ್ಲ.

ಇನ್ನೊಂದು ಉತ್ತರ ಪೊಲೀಸರ ಮೂಲಕ ಬಂತು. ಸಾವಿರಾರು ಜನರ ಮೇಲೆ ರಾಜದ್ರೋಹ ಮತ್ತು ದೇಶದ ವಿರುದ್ಧ ಯುದ್ಧ ಸಾರಿದ ಆರೋಪಗಳು ದಾಖಲಾದವು. ಇಂಧನ ತುಂಬಲು ಅನುಮತಿ ದೊರೆತ ಮೇಲೆ, 2012ರ ಸೆಪ್ಟೆಂಬರ್ 9ರಂದು ಜನ ಸ್ಥಾವರದ ಕಡೆಗೆ ಕಡಲತೀರದ ಮೂಲಕ ನಡೆದು, ಇರುಳನ್ನು ಮರಳಿನ ಮೇಲೆಯೇ ಕಳೆದರು. ಮರುದಿನ ಪೊಲೀಸರು ಅಶ್ರುವಾಯು ಸಿಡಿಸಿ, ಲಾಠಿ ಬೀಸಿದರು. ಓಡಲು ಬೇರೆ ದಾರಿಯಿಲ್ಲದ ಅನೇಕರು ಸಮುದ್ರಕ್ಕಿಳಿದರು. ಅದೇ ದಿನ ತೂತುಕುಡಿ ಜಿಲ್ಲೆಯ ಮಣಪಾಡಿನಲ್ಲಿ ಗೋಲಿಬಾರಿಗೆ ಒಬ್ಬ ಮೀನುಗಾರ ಬಲಿಯಾದರು. ಕೆಲವೇ ದಿನಗಳಲ್ಲಿ ಇಂಧನ ತುಂಬುವ ಕೆಲಸ ಆರಂಭವಾಯಿತು.

ಅದೇ ವರ್ಷದ ನವೆಂಬರಿನಲ್ಲಿ ಈ ಕಥೆ ಕರ್ನಾಟಕದ ಒಳಗೂ ಬಂತು. ಬಳಸಿದ ಇಂಧನವನ್ನು ಕೊನೆಗೆ ಎಲ್ಲಿಡುತ್ತೀರಿ ಎಂದು ಸುಪ್ರೀಂ ಕೋರ್ಟ್ ಕೇಳಿದಾಗ, ಸರ್ಕಾರದ ಕಡೆಯಿಂದ ಕೋಲಾರದ ಚಿನ್ನದ ಗಣಿಗಳ ಹೆಸರು ಕೇಳಿಬಂತು. ಆ ಗಣಿಯಲ್ಲಿ ಸುಮಾರು ಸಾವಿರ ಮೀಟರ್ ಆಳದಲ್ಲಿ, ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ಹೀಟರುಗಳನ್ನಿಟ್ಟು ಹಿಂದೆ ಪ್ರಯೋಗ ನಡೆದದ್ದು ನಿಜ; ತ್ಯಾಜ್ಯವನ್ನೇನೂ ಇಟ್ಟಿರಲಿಲ್ಲ. ಆದರೆ 2001ರಲ್ಲಿ ಗಣಿ ಮುಚ್ಚಿ ಕೆಲಸ ಕಳೆದುಕೊಂಡಿದ್ದ ಕೆಜಿಎಫ್ ಜನ, ಸೈನೈಡ್ ದಿಬ್ಬಗಳ ದೂಳನ್ನು ಕುಡಿಯುತ್ತ ಬದುಕುತ್ತಿದ್ದವರು, ಈಗ ಅಣುತ್ಯಾಜ್ಯವೂ ಬರುತ್ತದೆ ಎಂದು ಕೇಳಿ ಬೀದಿಗಿಳಿದರು. ಕೇಂದ್ರ ಬೇಗನೆ ಅಂಥ ಉದ್ದೇಶವಿಲ್ಲವೆಂದು ಹೇಳಿತು. ತಮ್ಮ ಊರಿನ ನೆಲದಡಿಯ ಸಂಗತಿಯನ್ನು ಜನ ನ್ಯಾಯಾಲಯದ ವರದಿಯಿಂದ ತಿಳಿಯಬೇಕಾದರೆ, ಕೋಲಾರಕ್ಕೂ ಇಡಿಂದಕರೈಗೂ ಅಂತರವೇನಿತ್ತು?

ನ್ಯಾಯಾಲಯದ ನಂತರ

ಚೆನ್ನೈನ ಪರಿಸರ ಸಂಘಟನೆಯೊಂದರ ಜಿ. ಸುಂದರರಾಜನ್ ಸಲ್ಲಿಸಿದ ಮೇಲ್ಮನವಿಯ ಮೇಲೆ 2013ರ ಮೇ 6ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ದೀಪಕ್ ಮಿಶ್ರಾ ತೀರ್ಪು ಕೊಟ್ಟರು. ಅಣುಶಕ್ತಿ ಬೇಕೇ ಬೇಡವೇ ಎಂಬುದು ಸರ್ಕಾರದ ನೀತಿಯ ವಿಷಯವೆಂದು ಹೇಳಿ ಸ್ಥಾವರಕ್ಕೆ ದಾರಿ ಬಿಟ್ಟರೂ, ಪೀಠವು 15 ನಿರ್ದೇಶನಗಳನ್ನು ವಿಧಿಸಿತು: ಬಿಡಿಭಾಗಗಳ ಗುಣಮಟ್ಟವನ್ನು ಖಚಿತಪಡಿಸಿಕೊಂಡೇ ಚಾಲನೆ ಕೊಡಬೇಕು, ಫುಕುಶಿಮಾದ ನಂತರ ನಿಯಂತ್ರಣ ಮಂಡಳಿ ಮಾಡಿದ್ದ 17 ಶಿಫಾರಸುಗಳನ್ನು ಜಾರಿಗೊಳಿಸಬೇಕು, ಬಳಸಿದ ಇಂಧನಕ್ಕೆ ಶಾಶ್ವತ ನೆಲೆ ಹುಡುಕಬೇಕು, ಪ್ರತಿಭಟನಕಾರರ ಮೇಲಿನ ಮೊಕದ್ದಮೆಗಳನ್ನು ಹಿಂಪಡೆಯಲು ಪ್ರಯತ್ನಿಸಬೇಕು. ಗುಣಮಟ್ಟದ ಮಾತು ಸುಮ್ಮನೆ ಬಂದದ್ದಲ್ಲ. ಆ ಏಪ್ರಿಲಿನಲ್ಲಿಯೇ ಮೊದಲ ಘಟಕದ ನಾಲ್ಕು ಕವಾಟಗಳಲ್ಲಿ ದೋಷ ಕಂಡುಬಂದು ಬದಲಾಯಿಸಬೇಕಾಗಿ ಬಂದಿತ್ತು. ಪರೀಕ್ಷೆಯಲ್ಲಿ ದೋಷ ಸಿಕ್ಕಿದ್ದು ಪರೀಕ್ಷೆಯ ಯಶಸ್ಸು ಎನ್ನಬಹುದು, ನಾನೂ ಹಾಗೆಯೇ ಎನ್ನುತ್ತೇನೆ. ಎಲ್ಲವೂ ನೂರಕ್ಕೆ ನೂರು ಸರಿಯಿದೆ ಎಂದು ಮೊದಲೇ ಸಾರಿದ್ದವರು ಮಾತ್ರ ಹಾಗೆನ್ನುವ ಅವಕಾಶವನ್ನು ಕಳೆದುಕೊಂಡಿದ್ದರು.

2013ರ ಜುಲೈ 13ರ ರಾತ್ರಿ ಮೊದಲ ಘಟಕದಲ್ಲಿ ಸರಣಿಕ್ರಿಯೆ ಆರಂಭವಾಯಿತು, ಅಕ್ಟೋಬರಿನಲ್ಲಿ ವಿದ್ಯುತ್ ಜಾಲಕ್ಕೆ ಹರಿಯಿತು. 2014ರ ಮೇನಲ್ಲಿ ಸ್ಥಾವರದೊಳಗೆ ಬಿಸಿನೀರು ಚಿಮ್ಮಿ ಆರು ಕೆಲಸಗಾರರಿಗೆ ಸುಟ್ಟಗಾಯಗಳಾದವು. ಅದು ವಿಕಿರಣದ ಅಪಘಾತವಲ್ಲ. ಎರಡನೇ ಘಟಕ 2016ರಲ್ಲಿ ಚಾಲನೆಗೊಂಡಿತು. ಮೊಕದ್ದಮೆಗಳಲ್ಲಿ ಹಲವು ಹಿಂಪಡೆಯಲ್ಪಟ್ಟವು, ಹಲವು ವರ್ಷಗಟ್ಟಲೆ ಉಳಿದವು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ, ಗಲ್ಫಿನ ದೋಣಿಗಳಲ್ಲಿ ದುಡಿಯಲು ಹೊರಟ ಹುಡುಗರಿಗೆ ಅವು ಅಡ್ಡ ಬಂದವು.

ಜನರ ಮೂರು ಪ್ರಶ್ನೆಗಳಲ್ಲಿ ಹೊಣೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. 2010ರ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆ ಸ್ಥಾವರ ನಡೆಸುವವರ ಹೊಣೆಯನ್ನು 1,500 ಕೋಟಿ ರೂಪಾಯಿಗಳಿಗೆ ಮಿತಿಗೊಳಿಸಿತ್ತು. ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಇದಕ್ಕಿಂತ ಚಿಕ್ಕದು. ಸ್ಥಾವರದ ತುರ್ತು ಯೋಜನಾ ವಲಯದ ವ್ಯಾಪ್ತಿ 16 ಕಿ.ಮೀ. ಇಂಧನ ತುಂಬುವ ಮೊದಲು ನಡೆಯಬೇಕಾದ ತುರ್ತು ತೆರವಿನ ಅಣಕು ಕಸರತ್ತನ್ನು 2012ರ ಜೂನ್‌ನಲ್ಲಿ ನಕ್ಕನೇರಿ ಎಂಬ ಒಂದು ಊರಿನಲ್ಲಿ ನಡೆಸಲಾಯಿತು. ಚಪ್ಪರವಿದ್ದ ಇಡಿಂದಕರೈಯಲ್ಲಾಗಲಿ, ಗುಮ್ಮಟ ಕಾಣುವ ಸುನಾಮಿ ಕಾಲೊನಿಯಲ್ಲಾಗಲಿ ಅಂದು ಆ ಕಸರತ್ತು ನಡೆಯಲಿಲ್ಲ.